ನನ್ನ ಹಣೆಬರಹ, ನಿನ್ನ ಗ್ರಹಚಾರ, ಅವರ ಕರ್ಮ

ಬಸ್ಸು ತಪ್ಪಿದರೆ ಗ್ರಹಚಾರ. ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕುದುರಿದರೆ ಯೋಗ. ಅಗ್ಗದ ಬೆಲೆಗೆ ಸೈಟು ಸಿಕ್ಕರೆ ಅದೃಷ್ಟ, ಆ ಸೈಟಿನ ಮೇಲೆ ಕೋರ್ಟಿನಲ್ಲಿ ದಾವೆ ಬಿದ್ದರೆ ಪ್ರಾರಬ್ಧ. ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರ ಮನೆಯಲ್ಲಿ ಉಂಡೆದ್ದರೆ ಋಣಾನುಬಂಧ. ದುಡಿದು ದುಡಿದೂ ಕೈಯಲ್ಲಿ ಕಾಸು ನಿಲ್ಲದಿದ್ದರೆ ಹಣೆಬರಹ. ಬೆಳೆದು ನಿಂತ ಮಗ ಅಪಘಾತದಲ್ಲಿ ಹೋದರೆ ವಿಧಿ. ಇವೆಲ್ಲ ಹೆಚ್ಚುಕಡಿಮೆ ಸಮಾನಾರ್ಥಕಗಳೆಂದು ಶಾಲೆಯಲ್ಲಿ ಕಲಿತಿದ್ದೇವೆ. ಮಾತಾಡುವಾಗ ಮಾತ್ರ ಯಾರೂ ಹಾಗೆ ಬಳಸುವುದಿಲ್ಲ. ಬಸ್ಸು ತಪ್ಪಿದ್ದಕ್ಕೆ ವಿಧಿಯನ್ನು ಕರೆಯುವವರಿಲ್ಲ, ಸೈಟು ಸಿಕ್ಕಿದ್ದಕ್ಕೆ ಪ್ರಾರಬ್ಧ ಎನ್ನುವವರಿಲ್ಲ. ಯಾವ ಪೆಟ್ಟಿಗೆ ಯಾವ ಪದ ಎಂಬುದನ್ನು ಅಕ್ಷರ ಕಲಿಯದ ಅಜ್ಜಿಯೂ ತಪ್ಪದೆ ಆರಿಸುತ್ತಾಳೆ.

ಪದಗಳ ಬೆನ್ನು ಹತ್ತಿದವರಿಗೆ ಈ ಆಯ್ಕೆಯೇ ದೊಡ್ಡ ಕುತೂಹಲ. ಆಗಬೇಕಾದ್ದು ಆಗುತ್ತದೆ ಎಂಬ ಒಂದು ಮಾತನ್ನು ಹೇಳಲು ಇಷ್ಟೊಂದು ಪದ ಏಕೆ ಬೇಕಾಯಿತು? ಒಂದೊಂದನ್ನೂ ಬಿಡಿಸಿ ನೋಡಿದರೆ ಕಾರಣ ಹೊಳೆಯುತ್ತದೆ. ಈ ಪದಗಳ ಒಳಗೆ ಒಂದೊಂದು ಕ್ರಿಯಾಪದ ಕೂತಿದೆ. ಒಂದರಲ್ಲಿ ಯಾರೋ ಬರೆಯುತ್ತಾರೆ, ಇನ್ನೊಂದರಲ್ಲಿ ಹಂಚುತ್ತಾರೆ, ಮತ್ತೊಂದರಲ್ಲಿ ಕಟ್ಟಳೆ ಮಾಡುತ್ತಾರೆ, ಮಗದೊಂದರಲ್ಲಿ ಶುರು ಮಾಡುತ್ತಾರೆ. ಹಣೆಬರಹಕ್ಕೆ ಹೊಣೆ ಯಾರು ಎಂದು ನಮ್ಮ ಗಾದೆ ಕೇಳುತ್ತದಲ್ಲ, ಆ ಪ್ರಶ್ನೆಗೆ ಒಂದೊಂದು ಪದವೂ ಒಂದೊಂದು ಹೆಸರನ್ನು ಉತ್ತರವಾಗಿ ಕೊಡುತ್ತದೆ.

ಹಣೆಬರಹದಿಂದಲೇ ಶುರು ಮಾಡೋಣ. ಇದು ಅಚ್ಚಗನ್ನಡ. ಬರೆ ಎಂಬುದರ ಹಳೆಯ ಅರ್ಥ ಗೆರೆ ಎಳೆಯುವುದು, ತಮಿಳಿನ ವರೈ ಇದರ ಒಡಹುಟ್ಟು. ಇವತ್ತಿಗೂ ನಾವು ಕಾಗದ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಕಾದ ಕಬ್ಬಿಣ ಚರ್ಮದ ಮೇಲೆ ಬಿಟ್ಟ ಗುರುತಿಗೂ ಬರೆ ಎಂದೇ ಹೆಸರು. ಅಕ್ಷರಕ್ಕೂ ಚಿತ್ರಕ್ಕೂ ಸುಟ್ಟ ಗಾಯಕ್ಕೂ ಒಂದೇ ಪದ ಇರುವ ನುಡಿಯಲ್ಲಿ ಹಣೆಯ ಬರಹ ಎಂದರೆ ಅಳಿಸಲಾಗದ್ದು ಎಂದು ಬೇರೆ ಹೇಳಬೇಕಿಲ್ಲ.

ನೆರೆಯವರು ಇದೇ ಬರಹವನ್ನು ತುಸು ಮೇಲಕ್ಕೆ ಇಟ್ಟಿದ್ದಾರೆ. ತಮಿಳಿನಲ್ಲಿ ತಲೈಯೆಳುತ್ತು, ತೆಲುಗಿನಲ್ಲಿ ತಲರಾತ, ಎರಡೂ ತಲೆಯ ಬರಹ. ತಲೆಬುರುಡೆಯ ಮೂಳೆಗಳು ಒಂದಕ್ಕೊಂದು ಕೂಡುವಲ್ಲಿ ಅಂಕುಡೊಂಕಾದ ಸಣ್ಣ ಗೆರೆಗಳಿರುತ್ತವೆ. ಆ ಗೆರೆಗಳೇ ಬ್ರಹ್ಮಲಿಪಿ, ನಮಗೆ ಓದಲು ಬಾರದ ಅಕ್ಷರ ಎಂಬ ನಂಬಿಕೆ ಜನರಲ್ಲಿತ್ತು. ತೆಲುಗಿನಲ್ಲಿ ನುದುಟಿ ರಾತ ಎಂಬ ಹಣೆಬರಹವೂ ಉಂಟು. ಕನ್ನಡ ಮಾತ್ರ ಹಣೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ತಲೆಬರಹ ಎಂಬ ಪದವನ್ನು ನಾವು ಸುದ್ದಿ, ಲೇಖನಗಳ ಮೇಲಿನ ಶೀರ್ಷಿಕೆಗೆ ಕೊಟ್ಟೆವು.

ಬರೆಯುವವರು ಯಾರು? ಪುರಾಣ ಬ್ರಹ್ಮನ ಹೆಸರು ಹೇಳುತ್ತದೆ. ಬಾಣಂತಿಕೋಣೆಯ ನಂಬಿಕೆ ಬೇರೆ. ಮಹಾರಾಷ್ಟ್ರದಲ್ಲೂ ಅದಕ್ಕೆ ಹೊಂದಿಕೊಂಡ ನಮ್ಮ ಉತ್ತರದ ಸೀಮೆಯಲ್ಲೂ ಹಣೆಬರಹವನ್ನು ಬರೆಯುವವಳು ಸಟವಿ. ಹೆರಿಗೆಯಾದ ಐದನೆಯ ಅಥವಾ ಆರನೆಯ ರಾತ್ರಿ ಅವಳು ಬರುತ್ತಾಳೆಂದು ಮಗುವಿನ ಹತ್ತಿರ ಬಿಳಿ ಹಾಳೆ, ಲೇಖನಿ ಇಟ್ಟು ಪೂಜೆ ಮಾಡುವ ಪದ್ಧತಿಯಿದೆ. ಆರನೆಯ ದಿನದ ದೇವತೆ ಷಷ್ಠಿಯೇ ಜನರ ನಾಲಗೆಯ ಮೇಲೆ ಸವೆದು ಸಟವಿಯಾದಳು. ಬಂಗಾಳದಲ್ಲಿ ಅದೇ ಆರನೆಯ ರಾತ್ರಿ ವಿಧಾತ ಪುರುಷ ಬರುತ್ತಾನೆ, ಅವನಿಗೂ ಮಸಿಕುಡಿಕೆ, ಲೇಖನಿ ಸಿದ್ಧವಿರುತ್ತವೆ. ಹಸುಗೂಸುಗಳು ಮೊದಲ ವಾರದಲ್ಲೇ ಕಣ್ಣು ಮುಚ್ಚುತ್ತಿದ್ದ ಕಾಲದಲ್ಲಿ ಆರನೆಯ ರಾತ್ರಿ ದಾಟಿದ ಮಗುವಿಗೆ ಮಾತ್ರ ಬರೆಸಿಕೊಳ್ಳಲು ಒಂದು ಆಯುಷ್ಯ ಇತ್ತು. ಈ ಆಚರಣೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಆ ಖಾಲಿ ಹಾಳೆಯ ಮೇಲೆ. ಬರೆಯುವ ಅಧಿಕಾರ ದೇವತೆಯದು, ಹಾಳೆ ಲೇಖನಿ ಒದಗಿಸುವುದು ಮಾತ್ರ ಮನೆಯವರ ಕೆಲಸ. ಒಳ್ಳೆಯದು ಬರೆಯಲಿ ಎಂದು ಕೇಳುವ ಹಕ್ಕನ್ನು ತಾಯಂದಿರು ಬಿಟ್ಟುಕೊಡಲಿಲ್ಲ.

ಎರಡನೆಯ ಗುಂಪು ಪಾಲಿನದು. ಭಾಗ್ಯ ಎಂಬ ಪದದ ಬೇರು ಭಜ್, ಎಂದರೆ ಹಂಚು, ಪಾಲು ಮಾಡು. ಭಾಗ, ವಿಭಾಗ, ವಿಭಕ್ತಿ, ಭಕ್ತಿ ಎಲ್ಲವೂ ಅದೇ ಬೇರಿನ ಚಿಗುರು. ವೇದದಲ್ಲಿ ಭಗ ಎಂಬ ದೇವತೆಯಿದ್ದಾನೆ, ಸಂಪತ್ತನ್ನು ಪಾಲು ಹಾಕಿ ಕೊಡುವುದು ಅವನ ಕೆಲಸ. ಭಗವಂತ ಎಂಬ ಪದದಲ್ಲಿ ಕೂತಿರುವುದು ಈ ಭಗವೇ. ಪಾಲಾಗಿ ಬಂದದ್ದು ಭಕ್ತ. ಸಂಸ್ಕೃತದಲ್ಲಿ ಆ ಪದಕ್ಕೆ ಬೇಯಿಸಿದ ಅನ್ನ ಎಂಬ ಅರ್ಥವೂ ಇದೆ, ಏಕೆಂದರೆ ದಿನದ ಪಾಲು ಎಂದರೆ ಅನ್ನವೇ. ಅದು ಪ್ರಾಕೃತದಲ್ಲಿ ಭತ್ತವಾಗಿ, ಮರಾಠಿ ಹಿಂದಿಗಳಲ್ಲಿ ಭಾತ್ ಆಗಿ, ನಮ್ಮ ಅಡುಗೆಮನೆಗೆ ವಾಂಗೀಬಾತ್, ಬಿಸಿಬೇಳೆಬಾತ್‌ಗಳ ಬಾಲ ಹಿಡಿದು ಬಂತು. ಭಾಗ್ಯಕ್ಕೂ ತಟ್ಟೆಯ ಮೇಲಿನ ಬಾತಿಗೂ ಬೇರು ಒಂದೇ.

ಹಂಚಿಕೆಯನ್ನೇ ಹಣೆಬರಹ ಎಂದು ಕಂಡವರು ನಾವೊಬ್ಬರೇ ಅಲ್ಲ. ಪರ್ಷಿಯನ್ನರ ಬಖ್ತ್ ಇದೇ ಭಜ್ ಧಾತುವಿನ ದೂರದ ನಂಟ. ಅರಬ್ಬಿಯಿಂದ ಉರ್ದು, ಮರಾಠಿಗಳ ದಾರಿಯಲ್ಲಿ ನಮ್ಮ ಮಾತಿಗೆ ಬಂದ ನಸೀಬು ಮತ್ತು ಕಿಸ್ಮತ್ ಎರಡೂ ಮೂಲದಲ್ಲಿ ಪಾಲು, ಹಂಚಿಕೆ ಎಂದೇ ಅರ್ಥ ಕೊಡುತ್ತವೆ. ಪಹಣಿಯಲ್ಲಿ ಸರ್ವೆ ನಂಬರಿನ ಜೊತೆ ಬರುವ ಹಿಸ್ಸಾ ಕೂಡ ಅರಬ್ಬಿಯ ಪಾಲೇ. ಗ್ರೀಕರ ವಿಧಿದೇವತೆ ಮೊಯಿರಾಳ ಹೆಸರಿಗೂ ಪಾಲು ಎಂದೇ ಅರ್ಥ. ಒಟ್ಟಿಗೆ ಬೇಟೆಯಾಡಿದವರು, ಒಟ್ಟಿಗೆ ಉತ್ತವರು ಸಂಜೆ ಕೂತು ಬಂದದ್ದನ್ನು ಹಂಚಿಕೊಂಡ ನೆನಪು ಇಷ್ಟು ನುಡಿಗಳಲ್ಲಿ ಉಳಿದಿದೆ. ಕನ್ನಡ ಇದನ್ನು ತನ್ನದೇ ಪದದಲ್ಲಿ ಹೇಳಿತು: ಪಾಲಿಗೆ ಬಂದದ್ದು ಪಂಚಾಮೃತ. ಇದಕ್ಕೆ ಜೊತೆಯಾಗಿ ಇನ್ನೊಂದು ಮಾತು ನಮ್ಮಲ್ಲಿದೆ: ನಾನು ಕೇಳಿಕೊಂಡು ಬಂದದ್ದೇ ಇಷ್ಟು. ಈ ಮಾತನ್ನು ಬಗೆದು ನೋಡಬೇಕು. ಕೊಟ್ಟವನು ಕಡಿಮೆ ಕೊಟ್ಟ ಎಂಬ ದೂರು ಇಲ್ಲಿಲ್ಲ, ಕೇಳುವಾಗ ನಾನೇ ಕಡಿಮೆ ಕೇಳಿದೆ ಎಂಬ ಒಪ್ಪಿಗೆ ಇದೆ.

ಇತ್ತೀಚಿನ ದಶಕಗಳಲ್ಲಿ ಭಾಗ್ಯ ಎಂಬ ಪದ ತನ್ನ ಮೊದಲ ಅರ್ಥಕ್ಕೆ ಮರಳಿದೆ. ಭಾಗ್ಯಜ್ಯೋತಿ, ಭಾಗ್ಯಲಕ್ಷ್ಮಿ, 2013ರಲ್ಲಿ ಬಂದ ಅನ್ನಭಾಗ್ಯ, ಅದೇ ವರ್ಷದ ಕ್ಷೀರಭಾಗ್ಯ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಹೆಂಗಸಿಗೆ ಭಾಗ್ಯ ಎಂದರೆ ತನ್ನ ಕಾರ್ಡಿಗೆ ಇಷ್ಟು ಕಿಲೋ ಎಂಬ ಲೆಕ್ಕ. ತೂಕದಲ್ಲಿ ಕಡಿಮೆ ಬಂದರೆ ಅವಳು ದಬಾಯಿಸಿ ಕೇಳುತ್ತಾಳೆ. ಪಾಲು ಎಂದ ಮೇಲೆ ಹಂಚಿದವರನ್ನು ಕೇಳಬಹುದು, ಕೇಳಬೇಕು. ಪದದ ಬೇರಿನಲ್ಲಿದ್ದ ನ್ಯಾಯ ಇದೇ.

ಮೂರನೆಯದು ವಿಧಿ. ಈ ಪದದಷ್ಟು ಗಂಭೀರವಾದದ್ದು, ಈ ಪದದಷ್ಟು ತಪ್ಪು ಅರ್ಥಕ್ಕೆ ಸಿಕ್ಕಿದ್ದು ಇನ್ನೊಂದಿಲ್ಲ. ವಿ ಎಂಬ ಉಪಸರ್ಗ, ಧಾ ಎಂಬ ಧಾತು, ಎರಡೂ ಸೇರಿ ಬೇರೆಬೇರೆಯಾಗಿ ಇಡು, ಕ್ರಮವಾಗಿ ಜೋಡಿಸು, ಕಟ್ಟಳೆ ಮಾಡು. ಮೀಮಾಂಸಕರಿಗೆ ವಿಧಿ ಎಂದರೆ ವೇದದ ಆಜ್ಞೆ: ಇದನ್ನು ಮಾಡು ಎಂಬುದು ವಿಧಿ, ಮಾಡಬೇಡ ಎಂಬುದು ನಿಷೇಧ. ವಿಧಾನ, ವಿಧೇಯ, ವಿಧೇಯಕ, ಸಂವಿಧಾನ ಒಂದೇ ಮನೆಯವು. 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಸಿಕ್ಕಿತು ಎಂದು ಪತ್ರಿಕೆಗಳು ಬರೆಯುವಾಗ ಯಾರೂ ಹಣೆ ಮುಟ್ಟಿಕೊಳ್ಳುವುದಿಲ್ಲ. ಕಟ್ಟಳೆ ಮಾಡಿದ ಬ್ರಹ್ಮನಿಗೂ ವಿಧಿ, ವಿಧಾತ ಎಂದು ಹೆಸರಾಯಿತು, ಅವನು ಮಾಡಿದ ಕಟ್ಟಳೆಗೂ ಅದೇ ಹೆಸರು ನಿಂತಿತು.

ಕನ್ನಡದ ಒಂದು ನುಡಿಗಟ್ಟು ಇಲ್ಲಿ ಬಹಳ ಬೆಳಕು ಕೊಡುತ್ತದೆ. ವಿಧಿಯಿಲ್ಲದೆ ಒಪ್ಪಿಕೊಂಡೆ ಎನ್ನುತ್ತೇವೆ, ಬೇರೆ ವಿಧಿಯೇ ಇರಲಿಲ್ಲ ಎನ್ನುತ್ತೇವೆ. ವಿಧಿ ಎಂದರೆ ತಪ್ಪಿಸಲಾಗದ್ದು ಎಂದೇ ಅರ್ಥವಾಗಿದ್ದರೆ ವಿಧಿಯಿಲ್ಲದವನು ಸ್ವತಂತ್ರನಾಗಬೇಕಿತ್ತು. ನಮ್ಮ ಮಾತಿನಲ್ಲಿ ವಿಧಿಯಿಲ್ಲದವನು ಅಸಹಾಯಕ. ಏಕೆಂದರೆ ಇಲ್ಲಿ ವಿಧಿ ಎಂದರೆ ದಾರಿ, ಉಪಾಯ, ಮಾಡುವ ಕ್ರಮ. ಶ್ರದ್ಧಾಂಜಲಿಯಲ್ಲಿ ವಿಧಿವಶರಾದರು ಎಂದು ಸಾವಿಗೆ ಹೇಳುವುದೂ, ದಾರಿ ಕಾಣದಾಗ ವಿಧಿಯಿಲ್ಲ ಎನ್ನುವುದೂ ಒಂದೇ ಪದದಿಂದ. ಕೊನೆಯನ್ನು ಹೇಳುವ ಪದವೇ ಉಪಾಯವನ್ನೂ ಹೇಳುತ್ತದೆ.

ವಿಧವೆ ಎಂಬ ಪದಕ್ಕೂ ವಿಧಿಗೂ ಸಂಬಂಧವಿದೆ ಎಂದು ನಂಬಿದವರಿದ್ದಾರೆ. ಸಂಬಂಧವಿಲ್ಲ. ವಿಧವಾ ಎಂಬುದು ಅಗಲಿಕೆಯನ್ನು ಹೇಳುವ ಬಹು ಹಳೆಯ ಬೇರೆ ಮೂಲದಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ವಿದುವಾ ಎಂದು ಅದರ ಒಡಹುಟ್ಟು ಪದವೇ ಇದೆ. ಗಂಡನನ್ನು ಕಳೆದುಕೊಂಡದ್ದು ನಿನ್ನ ವಿಧಿ, ಅದಕ್ಕೇ ನೀನು ವಿಧವೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಮನುಷ್ಯತ್ವದ ಬೆಂಬಲವೂ ಇಲ್ಲ, ವ್ಯಾಕರಣದ ಬೆಂಬಲವೂ ಇಲ್ಲ.

ಕಟ್ಟಳೆಯ ಗುಂಪಿನಲ್ಲಿ ನಾವು ಮರೆತ ಒಂದು ಪದ ದಿಷ್ಟ. ದಿಶ್ ಎಂದರೆ ಬೆರಳು ಮಾಡಿ ತೋರಿಸು. ದಿಕ್ಕು, ದೇಶ, ಆದೇಶ, ನಿರ್ದೇಶಕ ಎಲ್ಲ ಆ ಧಾತುವಿನ ಮಕ್ಕಳು. ಮೊದಲೇ ತೋರಿಸಿ ಇಟ್ಟದ್ದು ದಿಷ್ಟ. ಪಾಣಿನಿ ತನ್ನ ವ್ಯಾಕರಣದ ಒಂದೇ ಸೂತ್ರದಲ್ಲಿ ಮೂರು ಪದಗಳನ್ನು ಸಾಧಿಸಿಕೊಡುತ್ತಾನೆ: ಆಸ್ತಿಕ, ನಾಸ್ತಿಕ, ದೈಷ್ಟಿಕ. ಇದೆ ಎನ್ನುವವನು, ಇಲ್ಲ ಎನ್ನುವವನು, ಎಲ್ಲ ಮೊದಲೇ ಗೊತ್ತಾಗಿದೆ ಎನ್ನುವವನು. ಮೊದಲಿನ ಇಬ್ಬರು ಇವತ್ತಿಗೂ ನಮ್ಮ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತಾ ವಾದ ಮಾಡುತ್ತಾರೆ. ಮೂರನೆಯವನು ಮಾತಿನಿಂದಲೇ ಮರೆಯಾದ. ಪ್ರಾಚೀನ ಭಾರತದಲ್ಲಿ ಅಂಥವರು ನಿಜಕ್ಕೂ ಇದ್ದರು. ಬುದ್ಧನ ಸಮಕಾಲೀನ ಮಕ್ಖಲಿ ಗೋಸಾಲನ ಆಜೀವಿಕರು ನಿಯತಿಯನ್ನು ಬಿಟ್ಟು ಬೇರೆ ಕಾರಣವನ್ನೇ ಒಪ್ಪಲಿಲ್ಲ. ಎಸೆದ ದಾರದ ಉಂಡೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುವಂತೆ ಜನ್ಮಗಳು ಮುಗಿಯುತ್ತವೆ, ಪ್ರಯತ್ನದಿಂದ ಏನೂ ಆಗದು ಎಂಬುದು ಅವನ ಮತವೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಬಿಹಾರದ ಬರಾಬರ್ ಬೆಟ್ಟದಲ್ಲಿ ಅಶೋಕ ಅವರಿಗೆ ಗುಹೆಗಳನ್ನು ದಾನ ಕೊಟ್ಟ. ದಕ್ಷಿಣದಲ್ಲಿ ಮಧ್ಯಯುಗದವರೆಗೂ ಅವರ ಸುಳಿವು ಶಾಸನಗಳಲ್ಲಿ ಸಿಗುತ್ತದೆ. ಆ ಪಂಥ ಉಳಿಯಲಿಲ್ಲ. ದೈಷ್ಟಿಕ ಎಂಬ ಪದ ಕನ್ನಡದ ಬಾಯಲ್ಲಿ ನೆಲೆಯೂರಲಿಲ್ಲ. ವಿಧಿಯ ಪದಗಳನ್ನು ಇಷ್ಟೊಂದು ಬಳಸುವ ನಾವು ವಿಧಿಯನ್ನೇ ನೆಚ್ಚಿ ಕೂತವನಿಗೆ ಒಂದು ಮನೆಮಾತಿನ ಹೆಸರನ್ನು ಇಟ್ಟುಕೊಳ್ಳಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ನಾಲ್ಕನೆಯ ಗುಂಪಿನಲ್ಲಿ ಬರೆಯುವ, ಹಂಚುವ, ಕಟ್ಟಳೆ ಹಾಕುವ ಬೇರೊಬ್ಬರಿಲ್ಲ. ಮಾಡಿದವರು ನಾವೇ. ಕರ್ಮ ಎಂದರೆ ಮಾಡಿದ್ದು. ಹಿಂದಿನದೆಲ್ಲ ಕೂಡಿ ರಾಶಿಯಾದದ್ದು ಸಂಚಿತ, ಇನ್ನು ಮುಂದೆ ಬರಲಿರುವುದು ಆಗಾಮಿ, ಫಲ ಕೊಡಲು ಶುರುವಾಗಿರುವುದು ಪ್ರಾರಬ್ಧ. ವೇದಾಂತಿಗಳು ಪ್ರಾರಬ್ಧಕ್ಕೆ ಬಿಲ್ಲಿನಿಂದ ಬಿಟ್ಟ ಬಾಣದ ದೃಷ್ಟಾಂತ ಕೊಡುತ್ತಾರೆ, ಅದು ವೇಗ ತೀರುವವರೆಗೂ ಹೋಗಲೇಬೇಕು. ಪದದ ರಚನೆಯನ್ನು ನೋಡಿ. ಪ್ರಾರಂಭ ಮತ್ತು ಪ್ರಾರಬ್ಧ ಒಂದೇ ಧಾತುವಿನ ಎರಡು ರೂಪ. ಪ್ರಾರಂಭ ಎಂದರೆ ಶುರು, ಪ್ರಾರಬ್ಧ ಎಂದರೆ ಶುರುವಾದದ್ದು. ಆ ರಭ್ ಧಾತುವಿಗೆ ಕೈಯಿಂದ ಹಿಡಿ ಎಂಬ ಅರ್ಥವಿದೆ. ಕೆಲಸ ಶುರು ಮಾಡುವುದಕ್ಕೆ ಕನ್ನಡದಲ್ಲಿ ಕೈ ಹಾಕು, ಕೈ ಹಚ್ಚು ಎನ್ನುವುದೂ ಅದೇ ಜಾಡಿನದು. ಎಲ್ಲ ನನ್ನ ಪ್ರಾರಬ್ಧ ಎಂದು ನಿಟ್ಟುಸಿರು ಬಿಡುವವರು ತಮಗೆ ಅರಿವಿಲ್ಲದೆಯೇ ನಾನೇ ಕೈ ಹಾಕಿದ್ದು ಎಂದು ಹೇಳುತ್ತಿರುತ್ತಾರೆ.

ಅದೃಷ್ಟದ ಕಥೆ ಇನ್ನೂ ಸೊಗಸು. ಕಾಣದ್ದು ಎಂಬುದಷ್ಟೇ ಅದರ ಅರ್ಥ. ಕಣಾದನ ವೈಶೇಷಿಕ ಸೂತ್ರಗಳಲ್ಲಿ ಸೂಜಿ ಅಯಸ್ಕಾಂತದ ಕಡೆ ಸರಿಯುವುದಕ್ಕೆ, ಬೆಂಕಿ ಮೇಲ್ಮುಖವಾಗಿ ಉರಿಯುವುದಕ್ಕೆ, ಗಾಳಿ ಅಡ್ಡಡ್ಡ ಬೀಸುವುದ‌ಕ್ಕೆ, ಮರದೊಳಗೆ ನೀರು ಏರುವುದಕ್ಕೆ ಅದೃಷ್ಟವೇ ಕಾರಣ. ಪರಿಣಾಮ ಕಾಣುತ್ತಿದೆ, ಕಾರಣ ಕಾಣುತ್ತಿಲ್ಲ, ಆದ್ದರಿಂದ ಅದೃಷ್ಟ. ಕಾರಣ ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಪದ ಅದು. ಆಡುಗನ್ನಡದಲ್ಲಿ ಬರೀ ಅದೃಷ್ಟ ಎಂದರೆ ಒಳ್ಳೆಯದೇ ಆಯಿತು, ಅದು ಖುಲಾಯಿಸುತ್ತದೆ. ಕೆಟ್ಟದ್ದಾದರೆ ಮುಂದೆ ದುರ್ ಸೇರಿಸಬೇಕು. ಕಾಣದ್ದರಿಂದ ಬರುವುದು ಒಳ್ಳೆಯದೇ ಇರಲಿ ಎಂಬ ಹಾರೈಕೆ ಪದದ ಅರ್ಥವನ್ನೇ ತಿರುಗಿಸಿತು.

ಗ್ರಹಚಾರದಲ್ಲಿ ಚಾರ ಎಂದರೆ ಸಂಚಾರ, ಗ್ರಹ ಎಂದರೆ ಹಿಡಿಯುವಂಥದ್ದು. ಜ್ಯೋತಿಷಿಗಳ ವಿಂಶೋತ್ತರಿ ಲೆಕ್ಕದ 120 ವರ್ಷಗಳಲ್ಲಿ ಶುಕ್ರನಿಗೆ 20, ಶನಿಗೆ 19. ಶುಕ್ರದೆಸೆ ಎಂಬ ಮಾತು ಜಾತಕ ನಂಬದವರ ಬಾಯಲ್ಲೂ ಇದೆ. ಈ ಗುಂಪಿನ ಪದಗಳಲ್ಲಿ ಒಂದು ಸಮಾಧಾನವಿದೆ, ಗ್ರಹ ನಿಲ್ಲುವುದಿಲ್ಲ, ಮುಂದಿನ ಮನೆಗೆ ಹೋಗಲೇಬೇಕು. ಬರಹದಂತೆ ಇದು ಕಾಯಂ ಅಲ್ಲ. ಸಣ್ಣ ಪುಟ್ಟ ತಾಪತ್ರಯಗಳಿಗೆ ನಾವು ಗ್ರಹಚಾರ ಎನ್ನುವುದು ಅದಕ್ಕೇ ಇರಬೇಕು.

ಕೊನೆಗೆ ದೈವ. ದೇವರಿಗೆ ಸಂಬಂಧಿಸಿದ್ದು ದೈವ. ಅಲ್ಲಿಂದ ದೇವರು ಕೊಟ್ಟದ್ದು, ದೇವರು ಮೊದಲೇ ಗೊತ್ತುಮಾಡಿದ್ದು ಎಂದು ಅರ್ಥ ಬೆಳೆಯಿತು. ಘಟ್ಟದ ಮೇಲೆ ದೈವೇಚ್ಛೆ ಎಂದರೆ ಚರ್ಚೆ ಮುಗಿಯಿತು. ಘಟ್ಟ ಇಳಿದರೆ ಅದೇ ಪದದಿಂದ ಚರ್ಚೆ ಶುರುವಾಗುತ್ತದೆ. ತುಳುನಾಡಿನಲ್ಲಿ ದೈವ ಎಂದರೆ ಪಂಜುರ್ಲಿ, ಜುಮಾದಿ, ಕಲ್ಕುಡ, ಕಲ್ಲುರ್ಟಿ. ಕೋಲದ ದಿನ ದೈವದ ಎದುರು ಊರವರು ನಿಂತು ತಮ್ಮ ದೂರು ಹೇಳಿಕೊಳ್ಳುತ್ತಾರೆ. ಅಣ್ಣತಮ್ಮಂದಿರ ಜಗಳ, ಗಡಿಕಲ್ಲಿನ ತಕರಾರು, ಮನೆಯಲ್ಲಿ ನಿಲ್ಲದ ಕಾಯಿಲೆ. ದೈವ ಕೇಳಿಸಿಕೊಂಡು ನುಡಿ ಕೊಡುತ್ತದೆ, ಅಭಯ ಕೊಡುತ್ತದೆ, ತಪ್ಪಿದವರನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಳ್ಳುತ್ತದೆ. ಕಲ್ಕುಡನ ಪಾಡ್ದನವನ್ನು ನೆನೆಯಿರಿ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಯ ಕೈಕಾಲು ಕತ್ತರಿಸಿದ ಅರಸನ ಕಥೆ ಅದು. ಆ ಮೂರ್ತಿ ನಿಂತದ್ದು 1432ರಲ್ಲಿ. ಕೈ ಕಳೆದುಕೊಂಡ ಅಣ್ಣ, ಅವನಿಗಾಗಿ ಸಿಡಿದೆದ್ದ ತಂಗಿ ಕಲ್ಲುರ್ಟಿ, ಇಬ್ಬರೂ ಇದು ನಮ್ಮ ಹಣೆಬರಹ ಎಂದು ಸುಮ್ಮನೆ ಕೂರಲಿಲ್ಲ. ದೈವಗಳಾಗಿ ತಿರುಗಿ ಬಂದು ಲೆಕ್ಕ ಕೇಳಿದರು. ಒಂದು ಕಡೆ ಸಹಿಸಿಕೋ ಎನ್ನುವ ಪದ ಇನ್ನೊಂದು ಕಡೆ ನ್ಯಾಯ ಕೇಳುವವರ ಹೆಸರಾಯಿತು. ನಮ್ಮ ನಾಡಿನ ವಿವೇಕ ಎರಡನ್ನೂ ಇಟ್ಟುಕೊಂಡಿದೆ.

ಇಷ್ಟು ಪದಗಳನ್ನು ಬಿಡಿಸಿ ನೋಡಿದ ಮೇಲೆ ನನಗೆ ಮುಖ್ಯವಾಗಿ ಕಾಣುವುದು ಮೂಲಕ್ಕಿಂತ ಬಳಕೆ. ಶಾಲೆಯಲ್ಲಿ ಕಲಿತ ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷಗಳನ್ನು ಇಲ್ಲಿ ಹಚ್ಚಿ ನೋಡಿ. ನನ್ನ ಹಣೆಬರಹ ಎಂದಾಗ ಈ ಪದ ಮದ್ದು. ಮಾಡುವುದನ್ನೆಲ್ಲ ಮಾಡಿ, ಆಸ್ಪತ್ರೆ, ಸಾಲ, ಹರಕೆ ಎಲ್ಲ ಮುಗಿದು, ಕಳೆದುಕೊಂಡವರು ಕೂತಾಗ ನಮ್ಮ ಋಣ ಇದ್ದದ್ದು ಇಷ್ಟೇ ಕಣಕ್ಕಾ ಎಂದು ತಮಗೆ ತಾವೇ ಹೇಳಿಕೊಳ್ಳುವ ಮಾತಿನಲ್ಲಿ ಒಂದು ಘನತೆ ಇದೆ. ತಾನು ಇನ್ನೊಂದು ಗಳಿಗೆ ಮೊದಲು ಹೊರಟಿದ್ದರೆ, ಇನ್ನೊಬ್ಬ ಡಾಕ್ಟರಿಗೆ ತೋರಿಸಿದ್ದರೆ ಎಂದು ಒಳಗೇ ಕೊರೆಯುವ ತಪ್ಪಿತಸ್ಥ ಭಾವದಿಂದ ಆ ಮಾತು ಅವರನ್ನು ಬಿಡಿಸುತ್ತದೆ. ಈ ಪದಗಳು ಹುಟ್ಟಿದ್ದೂ ಉಳಿದದ್ದೂ ಈ ಕೆಲಸಕ್ಕಾಗಿಯೇ.

ಮಧ್ಯಮ ಪುರುಷಕ್ಕೆ ಬಂದರೆ ಪದ ಗದರಿಕೆಯಾಗುತ್ತದೆ. ನಿನ್ನ ಗ್ರಹಚಾರ ಬಿಡಿಸ್ತೀನಿ ಎನ್ನುವಾಗ ಗ್ರಹದ ಕೆಲಸವನ್ನು ನಾವೇ ಕೈಗೆ ತೆಗೆದುಕೊಂಡಿರುತ್ತೇವೆ. ಪ್ರಥಮ ಪುರುಷದಲ್ಲಿ, ಅವರ ಕರ್ಮ, ಅವರ ಹಣೆಬರಹ ಎಂದಾಗ, ಅದೇ ಮದ್ದು ವಿಷ. ಉಪವಾಸವಿದ್ದವನ ಹಸಿವು ಅವನ ಕರ್ಮ, ಗಂಡ ಸತ್ತವಳ ಬಿಳಿ ಸೀರೆ ಅವಳ ವಿಧಿ, ಕೇರಿಯಲ್ಲಿ ಹುಟ್ಟಿದವನ ಕೆಲಸ ಅವನು ಪಡೆದು ಬಂದದ್ದು ಎಂದು ಎಷ್ಟು ಶತಮಾನ ಹೇಳಿದೆವು. ನೊಂದವರು ಹೇಳಬೇಕಾದ ಪದವನ್ನು ನೋಡುತ್ತಾ ನಿಂತವರು ಹೇಳಿದ್ದರಿಂದ ಆದ ಅನ್ಯಾಯ ಅದು.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಹೊಂಡ ಬಿದ್ದ ರಸ್ತೆಯಲ್ಲಿ ಬೈಕು ಉರುಳಿ ಜೀವ ಹೋದರೆ ಮಾರನೆಯ ದಿನದ ತಲೆಬರಹ ವಿಧಿಯಾಟ. ಮ್ಯಾನ್‌ಹೋಲಿಗೆ ಇಳಿಸಿದ ಪೌರಕಾರ್ಮಿಕ ವಿಷಾನಿಲಕ್ಕೆ ಸಿಕ್ಕಿ ಸತ್ತರೆ ಅದೂ ದುರ್ವಿಧಿ. ಚರಂಡಿ, ಮಲಗುಂಡಿಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಎಂದರೆ ಅಲ್ಲಿ ವಿಧಿ ಇದೆ, ನಿಷೇಧವೂ ಇದೆ, ಎರಡೂ ಅಚ್ಚಾಗಿವೆ, ಓದಲು ಬರುವ ಅಕ್ಷರಗಳಲ್ಲಿವೆ. ಪತ್ರಿಕೆಗೆ ಬರೆಯುವ ನಾವೆಲ್ಲರೂ, ಓದಿ ಮರುಗುವ ನೀವೆಲ್ಲರೂ, ಇನ್ನೊಬ್ಬರ ಸಾವಿನ ಮುಂದೆ ವಿಧಿ ಎಂಬ ಪದವನ್ನು ಎತ್ತುವುದಾದರೆ ಅದರ ಮೊದಲ ಅರ್ಥದಲ್ಲೇ ಎತ್ತಬೇಕು. ಯಾವ ವಿಧಿಯನ್ನು ಮುರಿದಿದ್ದಾರೆ, ಮುರಿದವರು ಯಾರು ಎಂದು ಕೇಳಬೇಕು. ಹಣೆಬರಹ ಎನ್ನುವ ಹಕ್ಕು ಸತ್ತವನ ತಾಯಿಗೆ ಮಾತ್ರ ಇರಲಿ.